ಝೆಂಡೂ ಮಾಲೆಯ ಹಿಂದಿನ ದೀಪ

ವಿಜಯಪುರದ ರಘೋತ್ತಮ ನಾಶಿಕಕ್ಕೆ ಬಂದು ಹದಿನೇಳು ವರ್ಷ. ಅಲ್ಲಿನ ಒಂದು ರಕ್ತನಿಧಿಯ ಕಂಪ್ಯೂಟರ್ ಕೋಣೆ ಅವನ ಸುಪರ್ದಿಯಲ್ಲಿತ್ತು. ನಾಶಿಕದ ಲ್ಯಾಬೂ ಛತ್ರಪತಿ ಸಂಭಾಜಿನಗರದ ಶಾಖೆಯೂ ನೋಡುವ ದಾಖಲೆಯೆಲ್ಲ ಆ ಕೋಣೆಯ ಡಿಸ್ಕುಗಳಲ್ಲೇ. ಡಿಸ್ಕುಗಳು ದೊಡ್ಡವು, ಆದರೆ ಬಲು ನಿಧಾನ. ಅದಕ್ಕೇ ಅವುಗಳ ಮುಂದೆ ವೇಗದ ಎರಡು ಫ್ಲ್ಯಾಶ್ ಡ್ರೈವ್ ಕೂಡಿಸಿದ್ದ. ಪದೇಪದೇ ಬೇಕಾದದ್ದು ಅಲ್ಲಿಂದಲೇ ಸಿಗುತ್ತಿತ್ತು; ಹೊಸದಾಗಿ ಬರೆದದ್ದೂ ಮೊದಲು ಅಲ್ಲಿಗೇ ಹೋಗಿ, ಬಿಡುವಾದಾಗ ಡಿಸ್ಕಿಗೆ ಇಳಿಯುತ್ತಿತ್ತು. ಒಂದು ಕೆಟ್ಟರೆ ಇನ್ನೊಂದಿರಲಿ ಅಂತ ಎರಡರಲ್ಲೂ ಒಂದೇ ಬರಹ.

ಇಷ್ಟು ಬುದ್ಧಿವಂತನಿಗೆ ಒಂದು ಹುಚ್ಚು ನೋಡಿ. ಖಂಡೇನವಮಿಯ ಆಯುಧಪೂಜೆಗೆ ಎಲ್ಲರೂ ಯಂತ್ರದ ಮೇಲೆ ಕುಂಕುಮ ಹಚ್ಚಿ ಸುಮ್ಮನಾಗುತ್ತಾರೆ. ಇವನಿಗೆ ಅದು ಸಾಲದು. ದುಡಿಯೋದು ಒಳಗಿನ ಫ್ಲ್ಯಾಶು, ಪೂಜೆ ಹೊರಗಿನ ತಗಡಿಗ್ಯಾಕೆ ಅಂತ ವಾದ. ಪ್ರತಿವರ್ಷ ಒಂದನ್ನು ಹೊರಗೆಳೆದು, ಒರೆಸಿ, ಕುಂಕುಮವಿಟ್ಟು ಮತ್ತೆ ತೂರಿಸುವುದು. ಇನ್ನೊಂದು ಇದ್ದೇ ಇತ್ತಲ್ಲ, ಆರು ವರ್ಷ ಏನೂ ಆಗಲಿಲ್ಲ.

ಈ ಸಲ ಎಳೆದ ಕೂಡಲೇ ಯಂತ್ರ ನಿಂತಿತು. ಬೆನ್ನಿಗೇ ಫೋನು. ಸಂಭಾಜಿನಗರದ ಶಾಖೆಯಲ್ಲಿ ರಕ್ತದ ಚೀಲ ವಿತರಿಸುವ ಸುಮಂಗಲಾ, ಕಲಬುರಗಿ ಕಡೆಯವಳು.

"ಸರ, ಸ್ಕ್ರೀನ್ ಬಂದ್ ಆಗ್ಯದರಿ. ಪಕ್ಕದ ಹೆರಿಗೆ ವಾರ್ಡಿನವರು ಬಂದು ನಿಂತಾರ, ಬಾಣಂತಿಗೆ ಭಾಳ ರಕ್ತ ಹೋಗ್ಯದಂತ. ಲವ್ಕರ್ ಮಾಡ್ರಿ, ಜಲ್ದಿ."

ಫ್ಲ್ಯಾಶ್ ಬಿಟ್ಟು ಬರೇ ಡಿಸ್ಕಿನ ಮೇಲೆ ಶುರು ಮಾಡಲೇ ಎಂದು ಯಂತ್ರ ಕೇಳಿತು. ಗಾಬರಿಯಲ್ಲಿ ಪೂರ್ತಿ ಓದದೆ ಹೌದು ಒತ್ತಿಬಿಟ್ಟ. ದಾಖಲೆ ಬಂತು. "ಚೀಲ ಕಳಸ್ತೀನ್ರಿ" ಎಂದು ಅವಳು ಫೋನಿಟ್ಟಳು.

ಉಸಿರು ಬಿಟ್ಟು, ಯಂತ್ರಕ್ಕೆ ನಿನ್ನೆ ಸಂಜೆ ತಾನೇ ಹಾಕಿದ್ದ ಚೆಂಡುಹೂವಿನ ಝೆಂಡೂ ಮಾಲೆಯನ್ನು ಸರಿಮಾಡಲು ಎತ್ತಿದ. ಅದರ ಹಿಂದೆ ಇನ್ನೊಂದು ಡ್ರೈವಿನ ಹಳದಿ ದೀಪ ಉರಿಯುತ್ತಿತ್ತು. ಅದು ಯಾವಾಗಲೋ ಸತ್ತಿತ್ತು. ಪರದೆಯಲ್ಲಿ ಕೊನೆಯ ನಮೂದು ಬೆಳಿಗ್ಗೆ ಏಳೂ ಹತ್ತರದು, ಗಡಿಯಾರದಲ್ಲಿ ಹನ್ನೊಂದೂವರೆ. ನಡುವಿನ ಬರಹವೆಲ್ಲ ಅವನ ಕೈಯಲ್ಲಿದ್ದ ಡ್ರೈವಿನಲ್ಲಿತ್ತು. ಮರುಪರೀಕ್ಷೆಯಲ್ಲಿ ದೋಷ ಸಿಕ್ಕ ಚೀಲಗಳಿಗೆ ಲ್ಯಾಬಿನವರು 'ಕೊಡಬೇಡಿ' ಎಂದು ಬರೆಯುವುದು ಆ ಹೊತ್ತಿನಲ್ಲೇ.

ಸದ್ದಿಲ್ಲದೆ ಡ್ರೈವು ತೂರಿಸಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವನು ಫೋನು ಹಚ್ಚಿದ.

"ಸುಮಂಗಲಾ, ಆ ಚೀಲ ನಿಲ್ಲಸ್ರಿ. ಸ್ಕ್ರೀನ್ ಮ್ಯಾಲಿರೋದು ಹಳೇದು. ಪೂಜಾಕ್ಕಂತ ನಾನ ಡ್ರೈವ್ ತಗದೀನಿ."

ಫೋನಿನ ಆಚೆ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು ಓಡಿತು. ಅವನು ಫೋನನ್ನು ಕಿವಿ-ಹೆಗಲಿನ ನಡುವೆ ಸಿಕ್ಕಿಸಿ, ಯಂತ್ರ ನಿಲ್ಲಿಸಿ, ಡ್ರೈವು ತೂರಿಸಿದ. ಮೂರು ನಿಮಿಷ ಹಲ್ಲುಕಚ್ಚಿ ನಿಂತ. ಬೆಳಗಿನ ಬರಹ ಒಂದೊಂದೇ ಮೂಡತೊಡಗಿತು.

"ಸೂಜಿ ಚುಚ್ಚಿದ್ರರಿ, ರಕ್ತ ಇನ್ನಾ ಬಿಟ್ಟಿರಲಿಲ್ಲ. ಚೀಲ ತಂದೀನಿ." ಅವಳು ಏದುಸಿರಿನಲ್ಲೇ ನಂಬರು ಓದಿದಳು. ಅವನು ಹುಡುಕಿದ. ಒಂಬತ್ತೂ ನಲವತ್ತಕ್ಕೆ ಲ್ಯಾಬಿನವರು ಬರೆದಿದ್ದರು: ಕೊಡಬೇಡಿ.

ಬೇರೆ ಚೀಲದ ನಂಬರು ಎರಡೆರಡು ಸಲ ನೋಡಿ ಹೇಳಿದ. ಅದನ್ನು ವಾರ್ಡಿಗೆ ಕಳಿಸಿ ಬಂದು ಅವಳು ಮೆಲ್ಲಗೆ ಕೇಳಿದಳು: "ರಿಪೋರ್ಟಿನಾಗ ಏನ ಬರೀಲ್ರಿ, ಸರ? ಮಶೀನ್ ಕೆಟ್ಟಿತ್ತು ಅನ್ಲ್ಯಾ?"

ರಘೋತ್ತಮ ನೆಲದ ಮೇಲೆ ಕೂತುಬಿಟ್ಟಿದ್ದ.

"ಮಶೀನ್ ಬರೋಬ್ಬರಿ ಕೇಳಿತ್ತವ್ವಾ. ನಾನ ಓದ್ಲಿಲ್ಲ. ನನ್ನ ಹೆಸರ ಬರಿ."