ಹೆಸರಿಡದ ಕೂಸುಗಳನ್ನು ಬರೆದುಕೊಂಡ ಚೂಡಾಮಣಮ್ಮ

ಮಕ್ಕಳನ್ನು ಎಣಿಸೋರು ಬರುತ್ತಾರಂತೆ ಅನ್ನುವ ಸುದ್ದಿಯನ್ನು ಬೀರಮ್ಮ ಮೊದಲು ಕೇಳಿದ್ದು ಬೀದಿ ನಲ್ಲಿಯ ಹತ್ತಿರ. ಸ್ವಾತಂತ್ರ್ಯ ಬಂದು ಐದು ವರ್ಷವಾಗಿತ್ತು. ಮೈಸೂರಿನ ಆ ಕೇರಿಯಲ್ಲಿ ಎಂಬತ್ತು ಮನೆಗೆ ಒಂದೇ ನಲ್ಲಿ. ಬೆಳಿಗ್ಗೆ ಕೊಡಗಳ ಸಾಲು ತಿರುವಿನ ತನಕ ಇರುತ್ತಿತ್ತು, ಸುದ್ದಿಯೂ ಅದೇ ಸಾಲಿನಲ್ಲಿ ಕೈಯಿಂದ ಕೈಗೆ ಹೋಗುತ್ತಿತ್ತು.

"ಎಣಿಸಿ ಏನ್ ಕೊಟ್ಟಾರಂತೆ? ಸೀಮೆಎಣ್ಣೆನಾ, ಸಕ್ಕರೆನಾ?" ಎಂದಳು ಪಕ್ಕದ ಮನೆಯ ನೀಲಮ್ಮ.

"ಕೊಡೋದಂಗಿರ್ಲಿ, ಇರೋವ್ನ ಕಿತ್ಕೊಂಡೋಗ್ದೆ ಇದ್ರೆ ಸಾಕು ಬುಡು," ಎಂದಳು ಬೀರಮ್ಮನ ಅತ್ತೆ ಕೆಂಚಮ್ಮ. ಅಂದವಳೇ ಸೊಸೆಯ ಕಡೆ ತಿರುಗಿ, "ಲೇ, ಬಾಯಿಗೆ ಬೀಗ ಇರ್ಲಿ. ಎಣಿಸಿದ ಮಕ್ಳು ಏಳ್ಗೆ ಆಗಾಕಿಲ್ಲ," ಎಂದು ಗದರಿದಳು.

ಬಂದದ್ದು ಒಬ್ಬರೇ, ಅದೂ ಹೆಂಗಸು. ಲಕ್ಷ್ಮೀಪುರಂನ ಚೂಡಾಮಣಮ್ಮ. ಹತ್ತೊಂಬತ್ತಕ್ಕೇ ಗಂಡ ಹೋಗಿ, ಅಣ್ಣನ ಮನೆಯ ಹಿಂದಿನ ಕೋಣೆ ಸೇರಿದ್ದವರು. ಲೋವರ್ ಸೆಕೆಂಡರಿ ಪಾಸಾಗಿತ್ತು, ಸರ್ಕಾರದ ಸಮೀಕ್ಷೆಯಲ್ಲಿ ಕೆಲಸ ಸಿಕ್ಕಿತ್ತು. ಕರೀ ಕೊಡೆ, ಬಟ್ಟೆ ಚೀಲ, ಚೀಲದ ತುಂಬ ಫಾರಂ. ಬಾಗಿಲಿಗೆ ಬಂದು ಒಂದೇ ಮಾತು ಹೇಳುತ್ತಿದ್ದರು: "ಎಲ್ಲಿ ಎಳೆಮಕ್ಕಳು ಹೆಚ್ಚು ಸಾಯುತ್ತವೋ ಅಲ್ಲಿ ಹೆರಿಗೆ ಮನೆ ಕಟ್ಟಿಸ್ತಾರಮ್ಮ. ನರ್ಸಮ್ಮ ಅಲ್ಲೇ ಇರ್ತಾಳೆ. ಅದಕ್ಕೇ ಕೇಳ್ತಿರೋದು."

ಫಾರಂನಲ್ಲಿ ಮೊದಲ ಕಲಮು ಮಗುವಿನ ಹೆಸರಿಗೆ, ಆಮೇಲೆ ಗಂಡೋ ಹೆಣ್ಣೋ, ಆಮೇಲೆ ಇದೆಯೋ ಹೋಯಿತೋ. ಹೆಸರು ಕೇಳಿದರು, ಹೆಂಗಸರು ಹೇಳಿದರು. ಬೀರಮ್ಮ ಕಮಲ ಅಂದಳು, ದೇವಯ್ಯ ಅಂದಳು. ಚೂಡಾಮಣಮ್ಮ ಎರಡು ಅಂತ ಬರೆದುಕೊಂಡು ಮುಂದಿನ ಬಾಗಿಲಿಗೆ ಹೋದರು.

ಎರಡನೇ ಸುತ್ತಿಗೆ ಬಂದಾಗ ಬೀರಮ್ಮ ಜಗಲಿಯಲ್ಲಿ ಊದುಬತ್ತಿ ಹೊಸೆಯುತ್ತಿದ್ದಳು. ಬಿಸಿಲಿಗೆ ಸೋತು ಚೂಡಾಮಣಮ್ಮ ಅಲ್ಲೇ ಅಂಚಿಗೆ ಕೂತರು.

"ಎಷ್ಟು ತಿಂಗಳೇ?"

"ಏಳು ಕಣಮ್ಮಾವ್ರೆ. ಐದ್ನೇದು."

"ಐದನೇದೆ? ಎರಡೇ ಮಕ್ಕಳು ಅಂತ ನಾನೇ ಬರೆದಿದ್ದೀನಲ್ಲ!"

"ನೀವು ಎಸರು ಕೇಳುದ್ರಿ. ಎಸರೇ ಇಲ್ದವ್ಕೆ ಏನಂತ ಯೋಳ್ಲಿ?"

ಪುರುಡು ಕಳೆದು ಹೆಸರಿಡುವುದಕ್ಕೆ ಮುಂಚೆ ಹೋದ ಕೂಸನ್ನು ಆ ಕೇರಿಯಲ್ಲಿ ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡಿ ಬರುತ್ತಿದ್ದರು. ಅದಕ್ಕೆ ಹೆಸರಿಲ್ಲ, ತಿಥಿಯಿಲ್ಲ. ಹೊಸ್ತಿಲ ಒಳಗೆ ಅದರ ಮಾತೆತ್ತಿದರೆ ಮುಂದಿನ ಬಸಿರಿಗೂ ಅದೇ ದಾರಿ ತೋರಿಸಿದ ಹಾಗೆ. ಚೂಡಾಮಣಮ್ಮನಿಗೆ ಕೈಯಲ್ಲಿದ್ದ ಪೆನ್ಸಿಲ್ಲು ಭಾರವಾದ ಹಾಗಾಯಿತು.

"ಈ ಬೀದೀಲಿ ಇನ್ನೂ ಯಾರ್ಯಾರಿಗೆ ಹೀಗಾಗಿದೆ?"

"ಯಾರ್ಗಾಗಿಲ್ಲ ಅಂತ ಕೇಳಿ. ಬಿರ್ರನೆ ಮುಗೀತದೆ."

ಅವತ್ತಿಂದ ಚೂಡಾಮಣಮ್ಮ ಎಂಬತ್ತು ಮನೆಯನ್ನೂ ಮತ್ತೆ ಸುತ್ತಿದರು. ಒಳಗೆ ಹೋಗಲಿಲ್ಲ, ಹೆಸರು ಕೇಳಲಿಲ್ಲ. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ, ಜಗಲಿಯ ಅಂಚಿನಲ್ಲಿ ಕೂತು, "ಎಷ್ಟು ಸಲ ಬಾಣಂತಿ ನೀರು ಹಾಕಿಸಿಕೊಂಡೆ?" ಅಂತ ಮಾತ್ರ ಕೇಳಿದರು. ಹೆಂಗಸರು ಬೆರಳು ಮಡಿಸಿದರು. ಕೆಲವರು ಅತ್ತರು, ನೀಲಮ್ಮ ನಕ್ಕುಬಿಟ್ಟಳು. ಅದರಲ್ಲಿ ಹೆಸರಿದ್ದವನ್ನು ಕಳೆದರೆ ಅರವತ್ತಮೂರು ಕೂಸು ಸಿಕ್ಕವು. ಹೆಸರು ಬರೆಯುವ ಜಾಗದಲ್ಲಿ ಒಂದೊಂದಕ್ಕೂ ಒಂದು ಅಡ್ಡಗೆರೆ.

ಕಚೇರಿಯ ಮೇಲ್ವಿಚಾರಕರು ವೆಂಕಟಸುಬ್ಬಯ್ಯ. "ಮೊದಲ ಸುತ್ತಿಗೆ ಏಳು ಸಾವು, ಈ ಸುತ್ತಿಗೆ ಅರವತ್ತಮೂರು! ಹೆಸರಿಲ್ಲ, ಗುರುತಿಲ್ಲ. ಮನೇಲಿ ಕೂತು ಗೆರೆ ಎಳೆದಿರೇನಮ್ಮ?" ಅಂದರು.

"ಬೇಕಾದರೆ ತಾವೇ ಬಂದು ಕೇಳಿ," ಅಂದುಬಿಟ್ಟರು ಚೂಡಾಮಣಮ್ಮ.

ಅವರು ಬಂದೇಬಿಟ್ಟರು. ಕೋಟು, ಟೋಪಿ, ಕಿರುಗುಟ್ಟುವ ಬೂಟು. ಹೊಸ್ತಿಲಿಗೇ ಬಂದು ನಿಂತು ಗಂಡಸಿನ ದನಿಯಲ್ಲಿ, "ನಿನಗೆ ಸತ್ತು ಹೋದ ಮಕ್ಕಳೆಷ್ಟು?" ಎಂದು ಕೇಳಿದರೆ ಯಾರು ಬಾಯಿ ಬಿಟ್ಟಾರು? ಒಬ್ಬಳು ಸೆರಗು ಎಳೆದುಕೊಂಡಳು. ಇನ್ನೊಬ್ಬಳು ಕದ ಹಾಕಿಕೊಂಡಳು. ನೀಲಮ್ಮ, "ಅದೆಲ್ಲ ನಂಗೊತ್ತಿಲ್ಲ ಬುದ್ಧಿ," ಅಂದಳು.

ಕೊನೆಗೆ ಬೀರಮ್ಮನ ಬಾಗಿಲು. ಅವಳಿಗೆ ಎಂಟು ತಿಂಗಳು ತುಂಬಿತ್ತು. ಒಳಗೆ ಕದದ ಹಿಂದೆ ಕೆಂಚಮ್ಮ ನಿಂತಿದ್ದಳು, ಅವಳ ಉಸಿರು ಬೀರಮ್ಮನಿಗೆ ಕೇಳಿಸುತ್ತಿತ್ತು. ಚೂಡಾಮಣಮ್ಮ ಬೀರಮ್ಮನ ಮುಖವನ್ನೇ ನೋಡಿದರು. ಹೇಳೇ ತಾಯಿ, ಅಂತ ಬಾಯಲ್ಲಿ ಅನ್ನಲಿಲ್ಲ, ಕಣ್ಣಲ್ಲಿ ಅಂದರು. ಬೀರಮ್ಮ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನೆಲ ನೋಡಿದಳು.

"ನಂಗೆ ಎಲ್ಲ ಎರಡೇ, ಬುದ್ಧಿ. ಯಾವ್ದೂ ಓಗಿಲ್ಲ."

ವೆಂಕಟಸುಬ್ಬಯ್ಯ ಫೈಲು ಮುಚ್ಚಿದರು. "ಇನ್ನೇನಮ್ಮ?" ಅಂದರು. ಇವಳು ನನ್ನ ಹತ್ತಿರ ಬೇರೆ ಹೇಳಿದ್ದಳು ಅಂತ ಚೂಡಾಮಣಮ್ಮ ಒಂದು ಮಾತೂ ಆಡಲಿಲ್ಲ. ಕೊಡೆ ಬಿಚ್ಚಿಕೊಂಡು ಹೊರಟುಹೋದರು. ಮುಂದಿನ ವಾರ ಅವರ ಕೆಲಸವೂ ಹೋಯಿತು. ವರದಿಯಲ್ಲಿ ಏಳು ಅಂತಲೇ ಅಚ್ಚಾಯಿತು. ಹೆರಿಗೆ ಮನೆ ಊರಿನ ಇನ್ನೊಂದು ತುದಿಗೆ ಹೋಯಿತು.

ಬೀರಮ್ಮನಿಗೆ ಹೆಣ್ಣು ಹುಟ್ಟಿತು. ಮೂರು ಹಗಲು ಉಸಿರಾಡಿತು. ನಾಲ್ಕನೆಯ ದಿನ ಗಂಡ ಅದನ್ನು ಹಳೇ ಪಂಚೆಯಲ್ಲಿ ಸುತ್ತಿಕೊಂಡು ಹೋದ. ಕೆಂಚಮ್ಮ ನೀರು ಕಾಯಿಸಿ ಹಾಕಿದಳು. ಬಾಯಿಗೆ ಬೀಗ ಹಾಕಿದ್ದರೂ ಕೂಸು ಹೋಯಿತಲ್ಲ ಅಂತ ಅತ್ತೆಯನ್ನು ಕೇಳುವ ಧೈರ್ಯ ಬೀರಮ್ಮನಿಗೆ ಅವತ್ತೂ ಬರಲಿಲ್ಲ.

ಚೂಡಾಮಣಮ್ಮ ಅಣ್ಣನ ಮನೆಯಲ್ಲಿ ಹಪ್ಪಳ ಒತ್ತಿಕೊಂಡು ದಿನ ತಳ್ಳಿದರು. ಸತ್ತ ಕೂಸುಗಳನ್ನು ಹುಡುಕಿಕೊಂಡು ಕೇರಿ ಅಲೆದವಳು ಅಂತ ನೆಂಟರು ಹಿಂದಿನಿಂದ ಆಡಿಕೊಳ್ಳುತ್ತಿದ್ದರು. ಬೆಂಗಳೂರಿಗೆ ಮೂರು ಅರ್ಜಿ ಬರೆದರಂತೆ, ಒಂದಕ್ಕೂ ಜವಾಬಿಲ್ಲ. ಮಾರ್ಕೆಟ್ಟಿನಲ್ಲಿ ಆ ಕರೀ ಕೊಡೆ ಕಂಡರೆ ಸಾಕು, ಬೀರಮ್ಮ ಬಾಳೆಲೆ ಸಾಲಿನ ಹಿಂದೆ ಸರಿದುಬಿಡುತ್ತಿದ್ದಳು. ಹನ್ನೊಂದು ವರ್ಷ ಹಾಗೇ ಕಳೆಯಿತು.

ಒಂದು ದಿನ ಚೂಡಾಮಣಮ್ಮನ ಅತ್ತಿಗೆ ಅಂಬುಜಮ್ಮನಿಂದ ಕರೆ ಬಂತು. ಬೀರಮ್ಮ ಹಿತ್ತಿಲ ಬಾಗಿಲಿಂದ ಹೋಗಿ, ಹಿಂದಿನ ಕೋಣೆಯ ಕಿಟಕಿಯ ಹೊರಗೆ ನಿಂತಳು. ಒಳಗೆ ಚಾಪೆಯ ಮೇಲೆ ಎಲುಬಿನ ಗೂಡು ಮಲಗಿತ್ತು. ಕೆಮ್ಮು ನಿಂತಾಗ ಮಾತು, ಮಾತು ನಿಂತಾಗ ಕೆಮ್ಮು.

"ನಿಮ್ಮ ಅನ್ನ ಕಿತ್ಕೊಂಡೋಳು ನಾನು ಕಣಮ್ಮಾವ್ರೆ," ಎಂದು ಬೀರಮ್ಮ ಕಿಟಕಿಯ ಹೊರಗೇ ಕುಸಿದು ಕೂತಳು.

"ಅಯ್ಯೋ, ಬಿಡೇ. ಬೂಟಿನವರನ್ನ ತಂದು ಹೊಸ್ತಿಲಲ್ಲಿ ನಿಲ್ಲಿಸಿದೋಳು ನಾನು." ಕಿಟಕಿಯ ಕಡೆ ಮಗ್ಗುಲಾದರು. "ಕಮಲನ ಮದುವೆ ಆಯ್ತಂತೆ?"

"ಆಯ್ತು. ಈಗ ನಾಕು ತಿಂಗ್ಳು. ನಮ್ಮನೇಲೇ ಅವ್ಳೆ."

"ಮತ್ತೆ ಸಮೀಕ್ಷೆ ಬರುತ್ತಂತೆ, ಅಣ್ಣ ಹೇಳ್ದ. ನಾನಿರಲ್ಲ." ಚೂಡಾಮಣಮ್ಮ ಕಿಟಕಿಯ ಸರಳು ಹಿಡಿದುಕೊಂಡರು. "ಬೀರಮ್ಮ, ಬಂದೋನು ಗಂಡಸೇ ಆಗಲಿ, ಹೊಸ್ತಿಲ ಒಳಗೇ ನಿಂತು ಕೇಳಲಿ, ಬಸುರಿ ಮಗಳು ನಿನ್ನ ಪಕ್ಕದಲ್ಲೇ ಇರಲಿ. ನಂಗೆ ಮೂರು ಹೋದವು ಅಂತ ಎಲ್ಲರಿಗಿಂತ ಮೊದಲು ನೀನು ಹೇಳ್ತೀಯೇನೇ?"