ಆರಿಸಬಾರದ ಬಲ್ಬು

ಆ ಮಂಗಳವಾರ ಬೆಳಿಗ್ಗೆ ಗಂಗಾಧರಪ್ಪ ಹಳ್ಳದ ಬಂಡೆಯ ಮೇಲೆ ನಿಂತು ಬಲಗಾಲು ಎತ್ತಿ ಅಲ್ಲಾಡಿಸಿದರು. ತಿಂಡಿ ಆಯಿತಾ ಎಂದು ಅದರರ್ಥ. ಕೆಳಗೆ ಅಂಗಳದಲ್ಲಿದ್ದ ಹೆಂಡತಿ ರುದ್ರಾಣಿ ಸೌಟು ಎತ್ತಿ ತೋರಿಸಿದಳು. ಆಯಿತು, ಬನ್ನಿ ಎಂದು.

ಇದನ್ನು ಅವರು ಕಲಿತದ್ದು ಕಪ್ಪೆಯಿಂದ. ಬಾಳೂರಿನ ಮೇಲಿರುವ ಆ ಹಳ್ಳದಲ್ಲಿ ಹೆಬ್ಬೆರಳಿನಷ್ಟೇ ಇರುವ ಒಂದು ಕಂದು ಕಪ್ಪೆ ಇದೆ. ಮಳೆ ಹಿಂದಾದ ಮೇಲೆ ಗಂಡು ಕಪ್ಪೆ ಒದ್ದೆ ಕಲ್ಲಿನ ಮೇಲೆ ಕೂತು, ಹಿಂಗಾಲು ಚಾಚಿ, ಬೆರಳು ಬಿಡಿಸಿ ಬೀಸುತ್ತದೆ.

"ಈ ನೀರಿನ ಸದ್ದಲ್ಲಿ ಕೂಗಿದ್ರೆ ಯಾವ ಹೆಣ್ಣಿಗೆ ಕೇಳ್ತದೆ ಮಾರಾಯ್ತಿ? ಅದಕ್ಕೇ ಕಾಲು," ಎನ್ನುತ್ತಿದ್ದರು.

"ನಿಮಗೆ ಅರವತ್ತೆರಡಾಯ್ತು. ಜಾರಿ ಬಿದ್ರೆ ಕಪ್ಪೆ ಬಂದು ಎತ್ತೋದಿಲ್ಲ," ಎನ್ನುತ್ತಿದ್ದಳು ರುದ್ರಾಣಿ.

ಮೂರೆಕರೆ ಕಾಫಿ ತೋಟದ ಮನುಷ್ಯ. ಕಪ್ಪೆ ಸಾಯುತ್ತದೆಂದು ಹಳ್ಳದ ಹತ್ತಿರ ಕಳೆನಾಶಕ ಹೊಡೆಯಲಿಲ್ಲ. ಕತ್ತಿಯಲ್ಲೇ ಕಳೆ ಸವರಿದರು. ಹಳ್ಳಕ್ಕೆ ಸೋಪಿನ ನೀರು ಬಿಡಬಾರದೆಂದು ಮನೆಯ ಬಟ್ಟೆಯನ್ನೆಲ್ಲ ಅಂಟುವಾಳ ಕಾಯಿಯಲ್ಲಿ ಒಗೆಸಿದರು. ಒಗೆದವಳು ರುದ್ರಾಣಿ. ಊರವರು ಕಪ್ಪೆ ಗಂಗಾಧರಪ್ಪ ಎಂದರು. ಅವರಿಗೆ ಖುಷಿಯಾಯಿತು.

ಮನೆಗೆ ಕರೆಂಟು ಕೊಡುತ್ತಿದ್ದುದೂ ಆ ಹಳ್ಳವೇ. ಹನ್ನೊಂದು ವರ್ಷದ ಹಿಂದೆ ಅವರು ಮೇಲೆ ಪುಟ್ಟದೊಂದು ತೊಟ್ಟಿ ಕಟ್ಟಿ, ಪೈಪಿನಲ್ಲಿ ನೀರು ಇಳಿಸಿ, ಕೆಳಗಿನ ಶೆಡ್ಡಿನಲ್ಲಿ ಸಣ್ಣ ಡೈನಮೋ ತಿರುಗಿಸಿದರು. ತಿರುಗಿಸಿದ ನೀರು ಮತ್ತೆ ಹಳ್ಳಕ್ಕೇ ಹೋಗುತ್ತದೆ. "ಸಾಲ ತಗೊಂಡು ಅಲ್ಲೇ ವಾಪಸ್ ಕೊಟ್ಟ ಹಾಗೆ," ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಮೂರು ಬಲ್ಬು ಉರಿಯುತ್ತಿದ್ದವು. ಹಗಲೂ ಉರಿಯಬೇಕು. ಮೂರನ್ನೂ ಆರಿಸಿದರೆ ಡೈನಮೋ ಹೊರೆ ಇಲ್ಲದೆ ಹುಚ್ಚು ಹಿಡಿದಂತೆ ತಿರುಗಿ ಸುಟ್ಟುಹೋಗುತ್ತದೆ. ಅದಕ್ಕೇ ನಡುಮನೆಯ ಮೂರೂ ಸ್ವಿಚ್ಚಿಗೆ ಟೇಪು ಸುತ್ತಿದ್ದರು. ಆ ಟೇಪು ಬಿಟ್ಟುಕೊಂಡು ತಿಂಗಳಾಗಿತ್ತು.

"ಟೇಪು ಸುತ್ತಿ ಅಂದೆ," ಎಂದಳು ರುದ್ರಾಣಿ ಅವತ್ತು ತಿಂಡಿ ಬಡಿಸುತ್ತ.

"ಇವತ್ತು ಬಾಳೂರಿಗೆ ಹೋಗ್ತೀನಲ್ಲ, ತರ್ತೀನಿ."

"ಹೋದ ವಾರವೂ ಅದನ್ನೇ ಅಂದ್ರಿ."

"ಹೋದ ವಾರ ನೀನು ಉಪ್ಪು ತನ್ನಿ ಅಂದಿದ್ದೆ. ಒಂದು ತಲೆಯಲ್ಲಿ ಒಂದೇ ಸಾಮಾನು ಹಿಡೀತದೆ."

ನಾಲ್ಕು ಕಡುಬು ತಿಂದು ಹೋದರು. ಸಂಜೆ ವಾಪಸು ಬರುವ ಜೀಪಿನಲ್ಲಿ ಹಿಂದೆ ಕೂತವರು ಇಳಿಯುವ ಜಾಗ ಬಂದರೂ ಏಳಲಿಲ್ಲ. ನಿದ್ದೆ ಎಂದುಕೊಂಡು ಡ್ರೈವರ್ ಎರಡು ಸಲ ಹಾರ್ನ್ ಹೊಡೆದನಂತೆ.

ಅವರ ಕೈಚೀಲವನ್ನು ಯಾರೋ ತಂದುಕೊಟ್ಟರು. ರುದ್ರಾಣಿ ಮೊಳೆಗೆ ನೇತುಹಾಕಿದಳು. ಒಳಗೇನಿದೆ ಎಂದು ನೋಡಲಿಲ್ಲ. ತೋಟದ ಮೇಲುಗಡೆ ಮಣ್ಣು ಮಾಡಿದರು. ಜನ ಅಳು ಅಂದರು. ಬರಲಿಲ್ಲ. ಉಣ್ಣು ಅಂದರು. ಉಂಡಳು. ತೊಟ್ಟಿಯ ಬಾಯಿಗೆ ಒಂದು ಜಾಲರಿ ಇದೆ. ಅದಕ್ಕೆ ಎಲೆ ಕಟ್ಟಿದರೆ ನೀರು ನಿಂತು ಬಲ್ಬು ಮಂಕಾಗುತ್ತದೆ. ಆ ದಿನಗಳಲ್ಲಿ ಕಾಫಿ ಕುಯ್ಯಲು ಬರುವ ಅಣ್ಣಮ್ಮ ತಾನಾಗಿಯೇ ಹೋಗಿ ಎಲೆ ತೆಗೆದು ಬರುತ್ತಿದ್ದಳು. ಬಲ್ಬು ಉರಿಯಿತು. ಅವರು ಹಚ್ಚಿದ್ದು ಇನ್ನೂ ಉರಿಯುತ್ತಿದೆ ಎನ್ನುವುದೊಂದು ರುದ್ರಾಣಿಯ ತಲೆಯಲ್ಲಿತ್ತು. ಬೇರೆ ಏನೂ ಇರಲಿಲ್ಲ.

ಹನ್ನೊಂದನೇ ದಿನ, ಗಣಾರಾಧನೆ ಮುಗಿದು ಜನ ಊಟಕ್ಕೆ ಕೂತಿದ್ದರು. ತರೀಕೆರೆಯಿಂದ ಬಂದಿದ್ದ ನಾದಿನಿ ಸರ್ವಮಂಗಳಾ ನಡುಮನೆಗೆ ಹೋದಳು.

"ಹಾಡಹಗಲಲ್ಲಿ ಮೂರು ಲೈಟು! ಅಣ್ಣ ಇದ್ದಿದ್ರೆ ಬೈತಿದ್ದ," ಎಂದು ಮೂರನ್ನೂ ಆರಿಸಿದಳು.

ಶೆಡ್ಡಿನಿಂದ ಸೀಟಿಯಂಥ ಸದ್ದು ಬಂತು. ಸದ್ದು ಏರಿತು. ರುದ್ರಾಣಿ ಕೈಯಲ್ಲಿದ್ದ ಪಾಯಸದ ಪಾತ್ರೆ ಕೆಳಗಿಟ್ಟು ಓಡಿ ಸ್ವಿಚ್ ಹಾಕಿದಳು. ಬಲ್ಬು ಬೆಳ್ಳಗೆ ಮಿಂಚಿ ಸತ್ತಿತು. ಸುಟ್ಟ ವಾಸನೆ ಅಂಗಳದ ತನಕ ಬಂತು.

ವಿಷಯ ತಿಳಿದು ಸರ್ವಮಂಗಳಾ ತಲೆ ತಲೆ ಚಚ್ಚಿಕೊಂಡಳು. "ಕರೆಂಟ್ ಉಳಿಸೋಣ ಅಂತ ಆರಿಸ್ದೆ ಕಣೇ ಅತ್ತಿಗೆ! ನನ್ನ ಕೈ ಕಡಿದು ಹೋಗ!"

"ನಿಮ್ಮಣ್ಣ ಇದ್ದಿದ್ರೆ ನಗ್ತಿದ್ರು," ಎಂದಳು ರುದ್ರಾಣಿ. ಪಾಯಸ ಬಡಿಸಿದಳು.

ಜನ ಹೋದ ಮೇಲೆ ದೀಪಕ್ಕೆ ಬತ್ತಿ ಬೇಕೆಂದು ಮೊಳೆಯಲ್ಲಿದ್ದ ಅವರ ಚೀಲಕ್ಕೆ ಕೈ ಹಾಕಿದಳು. ಬತ್ತಿ ಇರಲಿಲ್ಲ. ಎಲೆಯಡಿಕೆ ಇತ್ತು. ಅದರಡಿಯಲ್ಲಿ ಕೆಂಪು ಟೇಪು.

ಮರುದಿನ ಡೈನಮೋ ಬಿಚ್ಚಿಸಿ ಗೋಣಿಚೀಲದಲ್ಲಿ ಹಾಕಿಕೊಂಡು ತಾನೇ ಕಳಸಕ್ಕೆ ಹೋದಳು. ಮೆಕ್ಯಾನಿಕ್ ರಂಗನಾಥ ತಂತಿ ಮೂಸಿ ನೋಡಿದ.

"ಪೂರ್ತಿ ಹೋಗಿದೆ ಅಮ್ಮ. ಈಗ ಕೆಳಗಿನ ರಸ್ತೆ ತನಕ ಕಂಬ ಬಂದಿದೆಯಲ್ಲ, ಲೈನೇ ಎಳೆಸ್ಕೊಳ್ಳಿ. ದಿನಾ ಹಳ್ಳಕ್ಕೆ ಹೋಗಿ ಎಲೆ ಆರಿಸೋರು ಯಾರು?"

"ತಂತಿ ಸುತ್ತಿ ಕೊಡು."

"ಲೈನಾದ್ರೆ ಬೇಕಾದಾಗ ಹಾಕಿ, ಬೇಡಾದಾಗ ಆರಿಸಬಹುದು."

"ಆರಿಸೋದು ನನಗೆ ಬೇಡ. ಸುತ್ತಿ ಕೊಡು."

ಹದಿನೆಂಟು ದಿನಕ್ಕೆ ಡೈನಮೋ ಬಂತು. ಹೊಸ ಬಲ್ಬು ಹಾಕಿದಳು. ಹತ್ತಿತು. ಮೊದಲಿನಷ್ಟು ಬೆಳಕಿಲ್ಲ, ಸ್ವಲ್ಪ ಹಳದಿ. ಅವಳಿಗೆ ಸಂತೋಷವೇನೂ ಆಗಲಿಲ್ಲ. ಮೂರು ಸ್ವಿಚ್ಚಿಗೂ ಕೆಂಪು ಟೇಪು ಸುತ್ತಿದಳು. ಒಂದೊಂದಕ್ಕೂ ನಾಲ್ಕು ಸುತ್ತು.

ಈಗ ದಿನಾ ಬೆಳಿಗ್ಗೆ ಹಂಡೆಗೆ ಬೆಂಕಿ ಹಾಕಿ ಅವಳು ಹಳ್ಳಕ್ಕೆ ಹತ್ತುತ್ತಾಳೆ. ಜಾಲರಿಗೆ ಕಟ್ಟಿದ ಎಲೆಯನ್ನು ಕೈಯಿಂದ ಬಳಿದು ಬುಟ್ಟಿಗೆ ತುಂಬುತ್ತಾಳೆ. ಅದು ಕಾಫಿ ಗಿಡದ ಬುಡಕ್ಕೆ. ಸಿಕ್ಕಿಕೊಂಡ ಏಡಿ, ಮೀನುಮರಿ ಇದ್ದರೆ ನೀರಿಗೆ ಬಿಡುತ್ತಾಳೆ. ಅವರು ಬಿಡುತ್ತಿದ್ದರು. ನೀರು ತಣ್ಣಗಿರುತ್ತದೆ, ಬೆರಳು ಮರಗಟ್ಟುತ್ತದೆ. ಎದುರಿನ ಕಲ್ಲಿನ ಮೇಲೆ ಕಪ್ಪೆ ಕಾಲು ಎತ್ತಿ ಬೀಸುತ್ತದೆ. ಅದು ಕರೆಯುವುದು ಇನ್ನೊಂದು ಕಪ್ಪೆಯನ್ನು. ಅವಳು ಉಳಿದ ಎಲೆ ಬಳಿಯುತ್ತಾಳೆ.