ಕೋದಂಡರಾಮಪ್ಪನ ಔಷಧಿ ಟ್ಯಾಂಕು

ಶ್ರೀನಿವಾಸಪುರದ ಕಡೆ ಮಾವು ಹೂ ಬಿಟ್ಟಿತೆಂದರೆ ಕೋದಂಡರಾಮಪ್ಪನಿಗೆ ಪುರುಸೊತ್ತಿಲ್ಲ. ಟ್ರ್ಯಾಕ್ಟರ್ ಹಿಂದೆ ದೊಡ್ಡ ಪ್ಲಾಸ್ಟಿಕ್ ಟ್ಯಾಂಕು, ಪಂಪು, ಉದ್ದನೆ ಪೈಪು ಕಟ್ಟಿಕೊಂಡು ತೋಟದಿಂದ ತೋಟಕ್ಕೆ ಔಷಧಿ ಹೊಡೆಯುತ್ತಾನೆ. ಶುರು ಮಾಡುವ ಮುಂಚೆ ಹಾರನ್ ಒತ್ತಿ ಹಿಡಿಯುವುದು ಅವನ ಪದ್ಧತಿ. ಅದು ಕೇಳಿದರೆ ಹೆಂಗಸರು ಒಣಹಾಕಿದ ಬಟ್ಟೆ ಎತ್ತಿಕೊಳ್ಳಬೇಕು, ದನ ಹೊಡೆದುಕೊಂಡು ಹೋಗಬೇಕು, ಮಕ್ಕಳನ್ನು ಒಳಗೆ ಕರೆದುಕೊಳ್ಳಬೇಕು. ಎಲ್ಲರೂ ದೂರ ಹೋದದ್ದು ಖಾತ್ರಿಯಾದ ಮೇಲೆ, ಗಾಳಿ ಯಾವ ಕಡೆಗಿದೆ ನೋಡಿ, ಮಾಸ್ಕು ಗ್ಲೌಸು ಹಾಕಿಕೊಂಡು ಪಂಪು ಚಾಲೂ ಮಾಡುತ್ತಾನೆ.

ಒಳ್ಳೆಯ ಪದ್ಧತಿಯೇ. ಆದರೆ ನಮ್ಮೂರಿನ ಜನ ಇದ್ದಾರಲ್ಲ, ಅವರಿಗೆ ಓಡುವುದೇ ಅಭ್ಯಾಸವಾಗಿ, ಅವನು ಬರಿಗೈಲಿ ನಡೆದು ಬಂದರೂ ಸರಿದುಕೊಳ್ಳುತ್ತಾರೆ. ಟೀ ಅಂಗಡಿಯ ಬೆಂಚು ಖಾಲಿಯಾಗುತ್ತದೆ. ಹೆಂಡತಿ ಶ್ಯಾಮಲಮ್ಮ ತೀರಿಕೊಂಡ ಮೇಲೆ ಅವನಿಗೆ ಊಟ ಅಣ್ಣ ಚನ್ನರಾಯಪ್ಪನ ಮನೆಯಿಂದ. ಹೂವಿನ ಕಾಲದಲ್ಲಿ ಆ ತಟ್ಟೆಯೂ ಕಾಂಪೌಂಡ್ ಗೋಡೆಯ ಮೇಲೆ ಬರುತ್ತದೆ. ಸ್ನಾನ ಮಾಡಿ ಬಟ್ಟೆ ಬದಲಾಯಿಸಿ ಬಂದರೂ ಅಷ್ಟೇ. ಗೋಡೆಯ ಹೊರಗೆ ನಿಂತೇ ಉಣ್ಣುತ್ತಾನೆ. ನೋಯುತ್ತದೆಯೇ ಎಂದು ಕೇಳಿದ ಪುಣ್ಯಾತ್ಮ ಒಬ್ಬನೂ ಇಲ್ಲ.

ಹೋದ ವರ್ಷ ಹೂವಿನ ಕಾಲದಲ್ಲೇ ಅಣ್ಣನ ಮಗಳು ಚಂದನಳ ಮದುವೆ ಬಂತು. ಅವನು ಹೆಗಲ ಮೇಲೆ ಹೊತ್ತು ತಿರುಗಿದ ಹುಡುಗಿ. "ಚಿಕ್ಕಪ್ಪ, ಧಾರೆ ಹೊತ್ತಿಗೆ ನೀನು ನನ್ನ ಹತ್ರಾನೇ ಇರ್ಬೇಕು" ಅಂದಿದ್ದಳು. ಆ ಒಂದು ಮಾತಿಗೆ ಹೊಸ ಪಂಚೆ ಷರ್ಟು ತಂದು, ದಿನಾ ತೆಗೆದು ನೋಡಿ ಮಡಿಸಿಡುತ್ತಿದ್ದ.

ಚಪ್ಪರದ ದಿನ ಬಾಡಿಗೆಯ ನೀರಿನ ಟ್ಯಾಂಕರ್ ಬರಲಿಲ್ಲ. ಅಡುಗೆಯವರು ಒಲೆ ಹಚ್ಚಿ ಕೂತಿದ್ದರು. ಚನ್ನರಾಯಪ್ಪ ಫೋನ್ ಮಾಡಿದ. "ಲೇ ಕೋದಂಡ, ನಿನ್ನ ಟ್ಯಾಂಕು ಚೆನ್ನಾಗಿ ತೊಳ್ದು ನೀರು ತುಂಬ್ಕೊಂಡು ಬಂದ್ಬಿಡೋ. ನೀನಲ್ದೆ ಇನ್ಯಾರಿದ್ದಾರೆ ನಂಗೆ?"

ಔಷಧಿ ಟ್ಯಾಂಕಿನಲ್ಲಿ ಕುಡಿಯುವ ನೀರು ತರಬಾರದೆಂದು ಊರಿಗೆಲ್ಲ ಹೇಳುತ್ತಿದ್ದವನೇ ಅವನು. ಆದರೂ ಆ ಕೊನೆಯ ಮಾತಿಗೆ ಕರಗಿಹೋದ. ಬಾವಿಯಿಂದ ದೂರದ ಬೀಳು ಜಾಗದಲ್ಲಿ ಟ್ಯಾಂಕು, ಪೈಪು ಎಲ್ಲ ಸೋಪಿನ ಪುಡಿ ಹಾಕಿ ಉಜ್ಜಿದ, ಮತ್ತೆ ಮತ್ತೆ ತೊಳೆದ. ಮುಚ್ಚಳ ತೆಗೆದು ಮೂಸಿ ನೋಡಿದ. ಏನೂ ವಾಸನೆ ಇಲ್ಲ. ನೀರು ತುಂಬಿಕೊಂಡು, ಹೊಸ ಬಟ್ಟೆ ಉಟ್ಟು ಹೊರಟ.

ಅಣ್ಣನ ಮನೆಯ ಹತ್ತಿರ, ರಸ್ತೆಗೆ ಬಾಗಿದ ಮಾವಿನ ಮರದ ಕೆಳಗೆ, ಮದುಮಗಳಿಗೆ ಒಂದು ಗೊಂಚಲು ಹೂ ಕೊಡೋಣವೆಂದು ನಿಲ್ಲಿಸಿದ. ಕಿತ್ತು ಮೂಗಿಗೆ ಹಿಡಿದ. ಊರೆಲ್ಲ ಘಮ್ಮೆನ್ನುವ ಕಾಲ ಅದು. ಅವನಿಗೆ ಏನೂ ಬರಲಿಲ್ಲ. ಇನ್ನೊಂದು ಕಿತ್ತು ಉಜ್ಜಿ ಮೂಸಿದ. ಊಹೂಂ. ಹೂವಿನ ವಾಸನೆಯೇ ಹಿಡಿಯದ ಮೂಗನ್ನು ನಂಬಿ ಮದುವೆ ಮನೆಗೆ ನೀರು ತಂದಿದ್ದ. ಹಿಂದೆ ಹೋಗಿ ವಾಲ್ವು ತಿರುಗಿಸಿಬಿಟ್ಟ.

ನೀರು ರಸ್ತೆಗೆ ಹರಿಯುವುದನ್ನು ಚಪ್ಪರದಿಂದಲೇ ನೋಡಿ ಚನ್ನರಾಯಪ್ಪ ಓಡಿಬಂದ. ಸಿಟ್ಟು ಬಂದರೆ ಅವನ ಬಾಯಿಗೆ ಮೊದಲು ತೆಲುಗೇ ಬರುವುದು. "ಏಮಿರಾ ಇದಿ! ಶುಭಕಾರ್ಯದ ಮನೆ ಮುಂದೆ ನೀರು ಚೆಲ್ತೀಯ?"

"ಬೇಡಣ್ಣ, ಅದು ಕುಡಿಯೋ ನೀರಲ್ಲ. ನನ್ನ ಮೂಗು…"

"ಹೊಟ್ಟೆಕಿಚ್ಚು ಕಣೋ ನಿಂಗೆ. ನಾಳೆ ಈ ಕಡೆ ತಲೆ ಹಾಕ್ಬೇಡ."

ಸಂಜೆಗೆ ಬಾಡಿಗೆ ಟ್ಯಾಂಕರ್ ಬಂತು. ಅಡುಗೆಯೂ ಆಯಿತು. ಕೋದಂಡರಾಮಪ್ಪನನ್ನು ಕರೆತರಲು ಯಾರೂ ಹೋಗಲಿಲ್ಲ.

ಮರುದಿನ ಬೆಳಿಗ್ಗೆ ಅವನು ಹಳೇ ಬಟ್ಟೆ ಹಾಕಿಕೊಂಡು ತೋಟಕ್ಕೆ ಬಂದ. ಊರ ಕಡೆಯಿಂದ ವಾಲಗ ಕೇಳುತ್ತಿತ್ತು. ಅದು ಜೋರಾಗಿ ಮೊಳಗಿದಾಗ ಧಾರೆಯಾಯಿತೆಂದು ಗೊತ್ತಾಗಿ, ಟ್ರ್ಯಾಕ್ಟರಿನ ಮೇಲೆ ಕೂತೇ ಬೊಗಸೆಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ಆಮೇಲೆ ಮಾಸ್ಕು ಹಾಕಿಕೊಂಡು ಹಾರನ್ ಒತ್ತಿ ಹಿಡಿದ. ದೂರ ಹೋಗುವುದಕ್ಕೆ ಅವತ್ತು ಅಲ್ಲಿ ಯಾರೂ ಇರಲಿಲ್ಲ. ಆದರೂ ಅವರೆಲ್ಲ ಹೋಗುವಷ್ಟು ಹೊತ್ತು ಕಾದು, ಪಂಪು ಚಾಲೂ ಮಾಡಿದ.